ಚಾವಿಗೆ ಕಟ್ಟಿದ ದಾರ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಸರ್ವರ್ ಪೆಟ್ಟಿಗೆಗಳ ತಗಡು ಮೀಟಿ ಮೀಟಿ ಹಾಗಾದದ್ದು. ಬೆಳೆದಷ್ಟೂ ಸೀಳುತ್ತಿತ್ತು, ಅಂಗಿಯ ನೂಲೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆದರೆ ಎಂಥ ಬಿಗಿ ಗಂಟಾದರೂ ಆ ಉಗುರಿನ ಮುಂದೆ ನಿಲ್ಲುತ್ತಿರಲಿಲ್ಲ. ಡ್ರಿಪ್ ಸೆಟ್ಟುಗಳ ಕಟ್ಟಿನ ಗಂಟು ಬಿಡದಿದ್ದರೆ ನರ್ಸುಗಳೂ ಅವರ ಬಳಿಗೇ ಓಡುತ್ತಿದ್ದರು.

ಕೋಲಾರದ ನಮ್ಮ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೋಣೆ ಅವರದು, ಪಕ್ಕದ ಸ್ಕ್ಯಾನ್ ಕೋಣೆ ನನ್ನದು. ಎಲ್ಲರಿಗೂ ಅವರು ಭಾಯಿ. ಮುಳಬಾಗಿಲಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ರೋಗಿಗಳ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಕಂಪ್ಯೂಟರಿನ ಜೊತೆ ಮಾತ್ರ ಮೂರನ್ನೂ ಬೆರೆಸಿ ಬೈಯುತ್ತಿದ್ದರು. ಕೊರಳಲ್ಲಿ ತಾಯಿತದ ಪಕ್ಕಕ್ಕೆ ಎರಡು ಪೆನ್‌ಡ್ರೈವ್ ನೇತಾಡುತ್ತಿದ್ದವು. ಅವಕ್ಕೆ ಅವರು ಚಾವಿ ಎನ್ನುತ್ತಿದ್ದರು. ಆಮೇಲೆ ಇಡೀ ಆಸ್ಪತ್ರೆಯೇ ಹಾಗೆನ್ನತೊಡಗಿತು.

ಅದೇನು ಅಷ್ಟು ದೊಡ್ಡ ವಿಷಯ ಎಂದು ನಾನೊಮ್ಮೆ ರೇಗಿಸಿದಾಗ ಕೂರಿಸಿ ವಿವರಿಸಿದ್ದರು. ಸರ್ವರ್ ದಿನವೂ ತನ್ನ ಹೊಟ್ಟೆಯೊಳಗಿನ ಡಿಸ್ಕಿನಿಂದಲೇ ಏಳುತ್ತದೆ. ಆ ಡಿಸ್ಕುಗಳಿಗೇ ರಿಪೇರಿ ಬಂದಾಗ, ಅಥವಾ ಹೊಸ ಸರ್ವರಿನ ಡಿಸ್ಕುಗಳನ್ನು ಮೊದಲ ಸಲ ಜೋಡಿಸುವಾಗ, ಅದನ್ನು ಹೊರಗಿನ ಚಾವಿಯಿಂದ ಎಬ್ಬಿಸಬೇಕು.

"ಹಸಿರು ದಾರದ್ದು ನೋಡೋ ಚಾವಿ. ಒಳಗೇನಾಗಿದೆ ಅಂತ ಇಣುಕಿ ನೋಡುತ್ತೆ, ಏನೂ ಮುಟ್ಟಲ್ಲ. ಕೆಂಪು ದಾರದ್ದು ಅಳಿಸೋ ಚಾವಿ. ಹಳೇದೆಲ್ಲ ಗುಡಿಸಿ ಹಾಕಿ ಹೊಸದಾಗಿ ಜೋಡಿಸುತ್ತೆ. ಮುಖ ಎರಡಕ್ಕೂ ಒಂದೇ, ಗುಣ ಬೇರೆ ಕಣಮ್ಮಾ."

ಅವರ ತಂದೆ ಮುಳಬಾಗಿಲಿನಲ್ಲಿ ದರ್ಜಿಯಾಗಿದ್ದವರು. ದಾರಗಳು ಆ ಹೊಲಿಗೆ ಪೆಟ್ಟಿಗೆಯಿಂದ ಬಂದವು. ಚಾವಿ ತಯಾರಿಸುವುದಕ್ಕೂ ಅವರದೊಂದು ಪದ್ಧತಿ ಇತ್ತು. ಯಾವ ಕಂಪ್ಯೂಟರಿನಲ್ಲಿ ಮಾಡಿದರೋ ಅದರಲ್ಲಿ ಯಾವತ್ತೂ ಪರೀಕ್ಷೆ ಮಾಡುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಗುಜರಿಗೆ ಹಾಕಬೇಕಾಗಿದ್ದ ಹಳೇ ಸರ್ವರ್ ಒಂದಿತ್ತು. ಬಿಸ್ಮಿಲ್ಲಾ ಎಂದು ಚಾವಿಯನ್ನು ಅದಕ್ಕೆ ಸಿಕ್ಕಿಸಿ, ಅದು ಎದ್ದರೆ ಮಾತ್ರ ಕೊರಳಿಗೆ. "ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವೇನಮ್ಮಾ? ಮಾಡಿದ ಮಷೀನು ಎಲ್ಲಾ ಚೆನ್ನಾಗಿದೆ ಅಂತಾನೇ ಹೇಳುತ್ತೆ. ಬೇರೆಯೋರ ಮನೇಲಿ ಬಾಳಿ ತೋರಿಸ್ಲಿ." ಒಂದು ಸರ್ವರನ್ನು ಜೋಡಿಸಿದ ಚಾವಿಯನ್ನು ಇನ್ನೊಂದಕ್ಕೆ ಬಳಸುತ್ತಲೂ ಇರಲಿಲ್ಲ. ಅದನ್ನು ಮನೆಗೆ ಒಯ್ದು ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಹೆಂಗಸರು ಮಕ್ಕಳ ಹೊಕ್ಕಳಬಳ್ಳಿ ಎತ್ತಿಟ್ಟ ಹಾಗೆ ಎಂದು ನಾನು ನಗುತ್ತಿದ್ದೆ.

ಅವರ ಜೊತೆ ಅಷ್ಟೇ ಸಲುಗೆಯಿದ್ದ ಇನ್ನೊಬ್ಬಳು ನಮ್ಮ ಆಯಾ. ಗೌನಿಪಲ್ಲಿ ಕಡೆಯವಳು, ಹುಟ್ಟಿದಾಗಿನಿಂದ ತೆಲುಗು ಬಾಯಿ. ಸ್ಕ್ಯಾನ್ ಕೋಣೆ, ಕಂಪ್ಯೂಟರ್ ಕೋಣೆ ಎರಡನ್ನೂ ಒರೆಸುವುದು ಅವಳ ಪಾಲು. ಅವಳು ಅಡಿಕೆಲೆ ಜಗಿಯುತ್ತಾ ಒಳಗೆ ಕಾಲಿಟ್ಟರೆ ಭಾಯಿ ಗದರುತ್ತಿದ್ದರು. ಅವರು ಊಟ ಮರೆತರೆ ಅವಳು ಗದರುತ್ತಿದ್ದಳು.

ಆಯುಧಪೂಜೆಗೆ ಎಲ್ಲರೂ ತಂತಮ್ಮ ಸಾಮಾನನ್ನು ಮೇಜಿನ ಮೇಲೆ ಇಡುತ್ತಿದ್ದೆವು. ಭಾಯಿಯೂ ಕೊರಳಿನ ಚಾವಿ ತೆಗೆದಿಟ್ಟು ನಮಾಜಿಗೆ ಹೋಗುತ್ತಿದ್ದರು, ಬಂದು ಕಡ್ಲೆಪುರಿ ತಿನ್ನುತ್ತಿದ್ದರು. ಆ ವರ್ಷ ಅವರು ತಿರುಗಿ ಬರುವಷ್ಟರಲ್ಲಿ ಆಯಾ ಎರಡೂ ಚಾವಿಗಳ ದಾರ ಕಿತ್ತು ಕಸಕ್ಕೆ ಹಾಕಿದ್ದಳು. ಅರಿಸಿನ ಹಚ್ಚಿದ ಹೊಸ ಕೆಂಪು ದಾರ ಕಟ್ಟಿ ಕುಂಕುಮ ಇಟ್ಟಿದ್ದಳು.

"ಏಂ ಸಾಬ್ರೇ, ಅಂಥ ಕೊಳಕು ದಾರ ಪೂಜೆಗೆ ಇಡ್ತಾರಾ ಯಾರಾದ್ರೂ? ನಾನೇ ಹೊಸದು ಕಟ್ಟಿದೀನಿ. ಇನ್ಮೇಲೆ ನಿನ್ ಮಷೀನುಗಳಿಗೆ ಯಾವ ದೃಷ್ಟೀನೂ ತಾಕಲ್ಲ."

ಭಾಯಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ನಕ್ಕರು. ನಾನು ಕತ್ತರಿ ತಂದುಕೊಟ್ಟೆ.

"ಬೇಡಮ್ಮಾ. ದೊಡ್ಡೋಳು, ಪ್ರೀತಿಯಿಂದ ಕಟ್ಟಿದಾಳೆ. ಅದಾಗೇ ಬೀಳ್ಲಿ, ಆಮೇಲೆ ನಂದು ಕಟ್ಕೋತೀನಿ. ಯಾವುದು ಯಾವುದು ಅಂತ ನಂಗೊತ್ತು."

ಗೊತ್ತಿತ್ತಂತೆ! ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಪಕ್ಕದಲ್ಲಿ ಒಂದು ಎಳೆ ಹಸಿರು ದಾರ ಸುತ್ತಿಕೊಳ್ಳಲು ಏನು ದಾಡಿಯಾಗಿತ್ತು? ಆದರೆ ಅವಳ ಮನಸ್ಸು ನೋಯುತ್ತದೆಂದು ಅದನ್ನೂ ಮಾಡಲಿಲ್ಲ. ಆ ಮನುಷ್ಯನ ಒಳ್ಳೆಯತನವೇ ಹಾಗೆ, ಬೇರೆಯವರನ್ನು ಕಾಯುತ್ತಿತ್ತೇ ಹೊರತು ಅವರನ್ನು ಕಾಯುತ್ತಿರಲಿಲ್ಲ.

ಅದೇ ವಾರ ನಮ್ಮಪ್ಪನನ್ನು ಮಾಸ್ತಿಯಿಂದ ಕರೆತಂದೆ. ಕೆಮ್ಮು ನಿಲ್ಲುತ್ತಿರಲಿಲ್ಲ. ನಾನೇ ಸ್ಕ್ಯಾನ್ ಮಾಡಿದೆ. ಎರಡು ವರ್ಷದ ಹಿಂದೆ ಕಂಡಿದ್ದ ಶ್ವಾಸಕೋಶದ ಗಂಟು ಅಲ್ಲೇ ಇತ್ತು. ಬೆಂಗಳೂರಿನ ಡಾಕ್ಟರು ಒಂದೇ ಮಾತು ಹೇಳಿದರು: "ಹಳೇ ಚಿತ್ರ ತನ್ನಿ. ಗಂಟು ಬೆಳೆದಿದ್ದರೆ ತಕ್ಷಣ ಆಪರೇಷನ್. ಇಲ್ಲದಿದ್ದರೆ ಈ ಜೀವಕ್ಕೆ ಕತ್ತಿ ಹಾಕುವುದು ಬೇಡ." ಹಳೇ ಚಿತ್ರ ಇದ್ದದ್ದು ನಮ್ಮ ಆಸ್ಪತ್ರೆಯ ಸರ್ವರಿನಲ್ಲಿ ಮಾತ್ರ. ಇನ್ನೊಂದು ಪ್ರತಿ ಇಡಲು ಮಷೀನು ಬೇಕೆಂದು ಭಾಯಿ ಕೇಳಿದಾಗಲೆಲ್ಲ ಆಡಳಿತದವರು ಮುಂದಿನ ವರ್ಷ ನೋಡೋಣ ಎನ್ನುತ್ತಲೇ ಬಂದಿದ್ದರು.

ನಾನು ಚಿತ್ರ ತೆಗೆಯಲು ಹೋದ ದಿನ ಸರ್ವರಿನ ದೀಪ ಕಿತ್ತಳೆಯಾಗಿತ್ತು, ಏನೂ ತೆರೆಯುತ್ತಿರಲಿಲ್ಲ. "ಒಂದ್ ನಿಮಿಷ, ಇಣುಕಿ ನೋಡ್ತೀನಿ" ಎಂದು ಭಾಯಿ ಕೊರಳಿನಿಂದ ಚಾವಿ ತೆಗೆದು ಸಿಕ್ಕಿಸಿ ಎಬ್ಬಿಸಿದರು. ಪರದೆಯ ಮೇಲೆ ಸಾಲುಗಳು ಓಡಿದವು. ಅವರು ಒಮ್ಮೆಲೇ ಬಗ್ಗಿ ವೈರನ್ನೇ ಕಿತ್ತರು. ಅಷ್ಟರಲ್ಲಿ ಮುಗಿದಿತ್ತು. ಶ್ರೀನಿವಾಸಪುರದ ಹೊಸ ಶಾಖೆಗೆ ಬರಲಿದ್ದ ಸರ್ವರಿಗಾಗಿ, ಯಾರನ್ನೂ ಏನೂ ಕೇಳದೆ ತಾನಾಗಿ ಕೆಲಸ ಮುಗಿಸುವಂತೆ ಅವರೇ ತಯಾರಿಸಿದ್ದ ಅಳಿಸೋ ಚಾವಿ ಅದು.

"ಅಪ್ಪನ ಚಿತ್ರ ಹೋಯ್ತಾ ಭಾಯಿ?" ಎಂದೆ.

ಅವರು ಕಿತ್ತ ವೈರನ್ನು ಕೆಳಗಿಟ್ಟರು. "ಡಿಸ್ಕು ಖಾಲಿ ಆಗಿಲ್ಲಮ್ಮಾ. ಯಾರ ಪಕ್ಕ ಯಾರು ಕೂತಿದ್ರು ಅನ್ನೋದು ಮರ್ತೋಗಿದೆ. ಮೊದಲು ಕೂತ ಹಾಗೇ ಕೂರಿಸಿದ್ರೆ ಮಾತಾಡ್ತಾವೆ. ತಪ್ಪಾಗಿ ಕೂರಿಸಿದ್ರೆ ಮುಗೀತು."

ಆಡಳಿತಾಧಿಕಾರಿ ಬಂದು ಕೂಗಾಡಿದರು. ಸರ್ವರ್ ಕಂಪನಿಯವರಿಗೆ ಫೋನು ಹೋಯಿತು. ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿ ಎಂದರು ಅವರು. ಭಾಯಿ ಕೈಮುಗಿದು ಒಂದು ದಿನ ಬೇಡಿಕೊಂಡು ಮುಳಬಾಗಿಲಿನ ಬಸ್ಸು ಹತ್ತಿದರು. ಮಧ್ಯಾಹ್ನ ಬಿಸ್ಕತ್ತಿನ ಡಬ್ಬಿಯ ಸಮೇತ ಹಿಂತಿರುಗಿದರು. ಆ ಸರ್ವರನ್ನು ಮೊದಲು ಜೋಡಿಸಿದ ಚಾವಿ ಅದರಲ್ಲಿತ್ತು. ಯಾವ ಡಿಸ್ಕಿನ ಪಕ್ಕ ಯಾವುದು, ಯಾವ ಅಳತೆ, ಎಲ್ಲ ಅದರೊಳಗೆ ಹಾಗೇ ಉಳಿದಿತ್ತು.

ಅದರ ನಕಲು ಮಾಡಿ, ಗುಡಿಸಿ ಹಾಕುವ ಆಜ್ಞೆಗಳನ್ನು ತೆಗೆದು, ಪ್ರತಿ ಹೆಜ್ಜೆಗೂ ನಿಂತು ಕೇಳುವ ಹಾಗೆ ಮಾಡಿದರು. ಆಮೇಲೆ ಅದನ್ನು ಹಿಡಿದು ಮೆಟ್ಟಿಲ ಕೆಳಗೆ ಹೋದರು. ಆಡಳಿತಾಧಿಕಾರಿ ತಲೆ ಚಚ್ಚಿಕೊಂಡರು. "ಈಗಲೂ ಪರೀಕ್ಷೆ ಏನ್ರೀ? ನೇರವಾಗಿ ಹಾಕ್ರೀ!"

"ಅವಸರದ ಕೆಲಸ ಶೈತಾನಂದು ಸರ್" ಎಂದರು ಭಾಯಿ. ಬೆವರಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಹಳೇ ಮಷೀನು ಎದ್ದ ಮೇಲೆಯೇ ಮೇಲೆ ಬಂದರು. ಬಿಸ್ಮಿಲ್ಲಾ ಎಂದರು, ಈ ಸಲ ಗಟ್ಟಿಯಾಗಿ. ಬಾಗಿಲ ಬಳಿ ಆಯಾ ಸೆರಗು ಕಚ್ಚಿಕೊಂಡು ನಿಂತಿದ್ದಳು.

ಸರ್ವರ್ ಎದ್ದಿತು. ಅವರು ಮೊದಲು ತೆರೆದದ್ದು ನಮ್ಮಪ್ಪನ ಚಿತ್ರ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು. ನನ್ನ ಕಸುಬೇ ಅದು, ಅಳೆದು ನೋಡಬೇಕಾಗಿರಲಿಲ್ಲ. ಗಂಟು ಬೆಳೆದಿತ್ತು. ಅವರು ನನ್ನ ಮುಖ ನೋಡಿ ತಿಳಿದುಕೊಂಡರು, ಅಲ್ಲೇ ನೆಲದ ಮೇಲೆ ಕೂತರು.

"ಇದನ್ನ ತೋರಿಸೋಕಾ ನಾನು ಇಷ್ಟು ಒದ್ದಾಡಿದ್ದು? ಮಾಫ್ ಮಾಡಮ್ಮಾ."

ಅಪ್ಪನ ಒಂದು ಕಡೆಯ ಶ್ವಾಸಕೋಶವನ್ನು ಅರ್ಧ ತೆಗೆದರು. ಅಪ್ಪ ಇನ್ನೂ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗಲೇ ಇಲ್ಲಿ ಭಾಯಿಯ ವಿಚಾರಣೆ ನಡೆಯಿತು. ದಿನ ಕಳೆದಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಅಂದದ್ದನ್ನು ನಾನು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಾವಿಯ ದಾರ ಬದಲಾಯಿಸಿದ್ದು ಯಾರು ಎಂಬುದೊಂದೇ ಅವರಿಗೆ ಬೇಕಾಗಿತ್ತು. ಆಯಾ ಟೀ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ನಿವೃತ್ತಿಗೆ ಕೆಲವೇ ತಿಂಗಳಿತ್ತು.

"ನಾನೇ ಸರ್. ಹಳೇದು ಕೊಳಕಾಗಿತ್ತು" ಎಂದರು ಭಾಯಿ. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು. ಅದೇ ಸಂಜೆ ಅವರನ್ನು ಕೆಲಸದಿಂದ ತೆಗೆದರು. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾವಲುಗಾರನಿಗೂ ಸಲಾಮು ಹೇಳಿ ಹೋದರು.

ಆಮೇಲೆ ಮುಳಬಾಗಿಲಿನಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಗಾಜು ಬದಲಾಯಿಸುತ್ತಾ ಕೂರುತ್ತಿದ್ದರು. ಎಷ್ಟು ಆಸ್ಪತ್ರೆಗಳಿಗೆ ಅರ್ಜಿ ಹಾಕಿದರೂ ಸರ್ವರ್ ಅಳಿಸಿದವರು ಎಂಬ ಹೆಸರು ಅವರಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ನಾನು ಫೋನು ಮಾಡಿದರೆ ಮೊದಲ ಮಾತು, "ಅಪ್ಪ ಹೆಂಗವ್ರೆ?" ತಮ್ಮ ಎದೆನೋವಿನ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಮಾವಿನ ಕಾಲ ಮುಗಿಯುವ ಹೊತ್ತಿಗೆ, ಅಂಗಡಿಯ ಸ್ಟೂಲಿನ ಮೇಲೆ ಕೂತ ಹಾಗೆಯೇ ಹೋದರಂತೆ. ನಮಗೆ ತಿಳಿದದ್ದು ಮಣ್ಣಾದ ಮೇಲೆ.

ನಾನೂ ಆಯಾಳೂ ಮುಳಬಾಗಿಲಿಗೆ ಹೋದೆವು. ಅಷ್ಟರಲ್ಲಿ ಅವಳೂ ನಿವೃತ್ತಳಾಗಿದ್ದಳು. ಭಾಯಿಯ ಹೆಂಡತಿ ಚಾಪೆ ಹಾಸಿ ಕೂರಿಸಿ ಟೀ ಕೊಟ್ಟರು. ಆಮೇಲೆ ಬಿಸ್ಕತ್ತಿನ ಡಬ್ಬಿ ತಂದು ನಮ್ಮ ಮುಂದಿಟ್ಟರು. ಮೇಲುಗಡೆಯೇ ಆ ಅಳಿಸೋ ಚಾವಿ ಇತ್ತು. ಕುಂಕುಮ ಅಳಿಸಿತ್ತು, ದಾರ ಬಿಳಚಿಕೊಂಡಿತ್ತು, ಗಂಟು ಮಾತ್ರ ಹಾಗೇ ಇತ್ತು.

"ಕೊನೇವರೆಗೂ ಕೊರಳಲ್ಲೇ ಇತ್ತಮ್ಮಾ. ಬಿಚ್ಚಿಡಿ ಅಂದ್ರೆ, ಅದಾಗೇ ಬೀಳ್ಬೇಕು ಅಂತಿದ್ರು" ಎಂದರು ಅವರು.

ಆಯಾ ಅದನ್ನು ಮಡಿಲಿಗೆ ಹಾಕಿಕೊಂಡಳು. "ನಾನು ಕಟ್ಟಿದ್ದು ಸಾಬ್ರೇ, ನಾನೇ ಬಿಚ್ತೀನಿ" ಎಂದು ಗಂಟಿಗೆ ಉಗುರು ಹಾಕಿದಳು. ವಯಸ್ಸಾದ ಕಣ್ಣಿಗೆ ಗಂಟು ಸರಿಯಾಗಿ ಕಾಣುತ್ತಿರಲಿಲ್ಲ. ಭಾಯಿಯ ಹೆಂಡತಿ ಕತ್ತರಿ ತಂದರು. ಆಯಾ ಬೇಡವೆಂದಳು. ನಾನು ಕೈಚಾಚಿದರೂ ಕೊಡಲಿಲ್ಲ.

ಆ ಸೀಳು ಉಗುರಿಗೆ ಒಂದು ಗಳಿಗೆಯ ಕೆಲಸವಾಗಿದ್ದ ಗಂಟು ಅದು. ಹೊರಗೆ ಕೋಲಾರದ ಬಸ್ಸು ಹಾರ್ನ್ ಹಾಕಿಕೊಂಡು ಹೊರಟುಹೋಯಿತು. ಸಾವಿನ ಸುದ್ದಿ ಇನ್ನೂ ತಿಳಿಯದ ಅಪ್ಪ ಮನೆಯಲ್ಲಿ ಅರ್ಧ ಎದೆಯಲ್ಲಿ ಉಸಿರೆಳೆದುಕೊಂಡು, ಸಾಬ್ರು ಹೇಗಿದ್ದಾರೆ ಎಂದು ಕೇಳಲು ಕಾದಿದ್ದರು. ಆಯಾ ಗಂಟಿನ ಮೇಲೆ ಬಗ್ಗಿಯೇ ಇದ್ದಳು. ನಾವು ಯಾರೂ ಅವಳನ್ನು ಅವಸರಪಡಿಸಲಿಲ್ಲ.