ನೀಲತ್ತೆ ಕುಡಿದ ಶರಬತ್ತು

ನಿಂಬೆಹಣ್ಣಿಗೆ ಚಾಕು ತಾಗಿ ಸಿಪ್ಪೆಯ ಎಣ್ಣೆ ಗಾಳಿಗೆ ಸಿಡಿದಾಗ ಏಳುವ ಆ ಹಸಿರು ವಾಸನೆ ಇಂದಿಗೂ ನನ್ನನ್ನು ಕುರುಗೋಡಿನ ಅಜ್ಜನ ಮನೆಗೆ ಕರೆದೊಯ್ಯುತ್ತದೆ. ಹೊರಗೆ ಗುಡ್ಡದ ಬಂಡೆಗಳು ಕಾದು ಉಗುಳುವ ಝಳ. ಒಳಗೆ ಒದ್ದೆ ಬಟ್ಟೆ ಸುತ್ತಿದ ಗಡಿಗೆಯ ತಣ್ಣೀರು, ಬಳ್ಳಾರಿಯಿಂದ ರೇಷನ್ನಿನಲ್ಲಿ ಬಂದು ಬೀಗದೊಳಗಿರುತ್ತಿದ್ದ ಸಕ್ಕರೆ. ನೀವೂ ಅಂಥ ಮನೆಯಲ್ಲಿ ಬೆಳೆದಿದ್ದರೆ ಬಲ್ಲಿರಿ: ಬೆಲ್ಲದ ಪಾನಕ ಎಲ್ಲರದು, ಸಕ್ಕರೆಯ ಶರಬತ್ತು ಬಂದ ಬೀಗರದು.

ಆ ಬೇಸಿಗೆಯಲ್ಲಿ ನನ್ನ ಸೋದರತ್ತೆ ನೀಲಮ್ಮ ಊಟ ಬಿಟ್ಟಿದ್ದಳು. ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ಗಂಡು ಗೊತ್ತಾಗಿತ್ತು. ಅವಳಿಗೋ ಬಳ್ಳಾರಿಯಲ್ಲಿ ಓದಿ ಟೀಚರಾಗುವ ಆಸೆ. "ದೊಡ್ಡವ್ರು ಜೇಲಿನ್ಯಾಗ ಉಪಾಸ ಕುಂತ್ರ ಸರ್ಕಾರ ನಡುಗತೈತಿ. ನೀ ಕುಂತ್ರ ನನ್ನ ರೊಟ್ಟಿ ಉಳೀತಾವ, ಅಷ್ಟ," ಎಂದು ಅಜ್ಜಿ ಒಲೆಯ ಮುಂದಿನಿಂದಲೇ ಚುಚ್ಚಿದಳು. "ಉಳೀಲಿ ಬಿಡವ್ವ, ನಿನ್ನ ಅಳಿಯಗ ಕಟ್ಟಿ ಕಳಸು," ಎಂದಳು ಅತ್ತೆ. ಧ್ವನಿಯಲ್ಲಿ ಶಕ್ತಿಯಿರಲಿಲ್ಲ, ನಗುವಿತ್ತು.

ಒಂದು ಮಧ್ಯಾಹ್ನ ಅಜ್ಜ ಅವಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಮಾತು ನಮಗೆ ಕೇಳಿಸಲಿಲ್ಲ. ಆಮೇಲೆ ತಲೆ ಹೊರಗೆ ಹಾಕಿ, "ಸಕ್ಕರಿ ಹಾಕಿ ಶರಬತ್ತು ಮಾಡ್ರಿ," ಎಂದ. ಅಜ್ಜಿ ನಿಂಬೆ ಹಿಂಡಿ ಬೀಜ ಆರಿಸಿ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಕಲಕಿದಳು. ಗ್ಲಾಸು ಒಯ್ದವಳು ನಾನು. ಅತ್ತೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದಳು.

ನಿಂಬೆರಸ ಕುಡಿದು ಉಪವಾಸ ಬಿಟ್ಟವರು ಗೆದ್ದವರು. ಕಟ್ಟೆಯ ಮೇಲೆ ಪತ್ರಿಕೆ ಓದುವ ದೊಡ್ಡವರಿಂದ ನಾನು ಕಲಿತದ್ದು ಅದು. "ನೀಲತ್ತಿ ಗೆದ್ಲು! ಬಳ್ಳಾರಿಗೆ ಹೊಂಟಾಳ!" ಎಂದು ಓಣಿಯೆಲ್ಲ ಸಾರಿ ಬಂದೆ. ಯಾರೂ ಬೈಯಲಿಲ್ಲ, ತಿದ್ದಲೂ ಇಲ್ಲ. ಅದೇ ವಾರ ಅಂಗಳದಲ್ಲಿ ಮದುವೆಯ ಹಂದರ ಎದ್ದಿತು. ಅರಿಸಿನ ಮೈಯ ಅತ್ತೆ ಕರೂರಿನ ಬಂಡಿ ಹತ್ತಿದಾಗಲೂ ಅದು ಬಳ್ಳಾರಿಯ ದಾರಿ ಹಿಡಿದೀತೆಂದು ನೋಡುತ್ತ ನಿಂತಿದ್ದೆ.

ಕಾಲೇಜು ಮುಗಿದ ಮೇಲೆ ಕರೂರಿಗೆ ಹೋದೆ. ಅಂದು ಅಜ್ಜ ಏನೆಂದ, ನೀನೇಕೆ ಕುಡಿದೆ ಎಂದು ಕೇಳಿದೆ. ಅಕ್ಕಿ ಕೇರುತ್ತಿದ್ದ ಅವಳ ಮೊರ ನಿಲ್ಲಲಿಲ್ಲ. "ಏನಂದನೋ ಏನೋ! ನೀರಡಿಸಿತ್ತು, ಕುಡದ್ನಿ. ಸಾಲಿ ಕಲ್ತಾಕಿ, ನೀರಡಿಕಿಗೂ ಕಾರಣ ಕೇಳ್ತಿ ನೋಡಲೇ," ಎಂದು ನಕ್ಕಳು. ಆ ನಗುವಿನಲ್ಲಿ ಸಂಕಟ ಹುಡುಕಿದೆ, ಸಿಗಲಿಲ್ಲ, ಸಮಾಧಾನವೂ ಸಿಗಲಿಲ್ಲ. ಸಂಜೆ ನನ್ನ ಉಡಿ ತುಂಬಿ, ಬಸ್ಸು ಹೊರಡುವತನಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಮತ್ತೆ ಬಂದಾಗ ಕೇಳಿದರಾಯಿತು ಎಂದುಕೊಂಡೆ, ಹಾಗೆಂದುಕೊಂಡೇ ವರ್ಷಗಳು ಹೋದವು. ಹೋದ ಮಾಘದಲ್ಲಿ ಅವಳು ತೀರಿಕೊಂಡಳು.