ಊಟ ಶುರುವಾಗದ ರೋಮನ್ ಔತಣ

ವೈಟ್‌ಬೋರ್ಡಿನ ಮೇಲಿನ ಅರ್ಧ ಯಾವಾಗಲೂ ಖಾಲಿ ಇರುತ್ತಿತ್ತು. ನಮ್ಮ ಜಪಾನಿ ಮೇಷ್ಟ್ರು, ಅಂದರೆ ಸೆನ್ಸೇ, ಅಷ್ಟು ಕುಳ್ಳಗಿದ್ದರು. ತುದಿಗಾಲಲ್ಲಿ ನಿಂತರೂ ಕೈ ಎಟುಕುತ್ತಿದ್ದುದು ನಡುವಿನವರೆಗೆ ಮಾತ್ರ. ಯಾರಾದರೂ ಸ್ಟೂಲ್ ತಂದಿಟ್ಟರೆ "ಸುಮಿಮಾಸೆನ್, ಕ್ಷಮಿಸಿ" ಎಂದು ಬಾಗಿ, ಅದರ ಮೇಲೆ ತಮ್ಮ ಚಹಾದ ಫ್ಲಾಸ್ಕ್ ಇಡುತ್ತಿದ್ದರು.

ಪುಟ್ಟ ಮಗಳೊಂದಿಗೆ ನಾವು ಜಪಾನಿನ ಯೋಕೋಹಾಮಾಕ್ಕೆ ಬಂದ ಹೊಸತು. ಗಂಡ ಬೆಳಿಗ್ಗೆ ಟೋಕಿಯೋ ರೈಲು ಹತ್ತಿದ ಮೇಲೆ ನಾನು ಕೊಂಬಿನಿ ಎಂಬ ಬೀದಿಯಂಗಡಿಯಲ್ಲಿ ಹಾಲು ಯಾವುದು, ಮೊಸರು ಯಾವುದು ಎಂದು ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದೆ. ಬಡಾವಣೆಯ ಸಮುದಾಯ ಭವನದಲ್ಲಿ ವಿದೇಶಿಯರಿಗೆ ಜಪಾನಿ ಭಾಷೆ ಕಲಿಸುತ್ತಾರೆಂದು ತಿಳಿದು ಹೋದೆ. ಕಲಿಸುವವರು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾಗಿದ್ದ ಈ ಸೆನ್ಸೇ. ಪುಸ್ತಕದಲ್ಲಿದ್ದ 'ಸ್ಟೇಷನ್ ಎಲ್ಲಿದೆ' ಎಂಬ ಪಾಠ ಅವರಿಗೇ ಬೇಸರ. ಅದರ ಬದಲು ಸರಳ ಜಪಾನಿಯಲ್ಲಿ ಪ್ರಾಚೀನ ರೋಮಿನ ಗುಲಾಮರ ಬದುಕನ್ನು ಹೇಳುತ್ತಿದ್ದರು. ಹಾಗಾಗಿ ತರಕಾರಿಗಳ ಹೆಸರಿಗಿಂತ ಮೊದಲೇ ನನಗೆ ಜಪಾನಿಯಲ್ಲಿ ಸಂಕೋಲೆ, ಹರಾಜು ಎನ್ನಲು ಬಂತು. ಅಂಗಡಿಯಲ್ಲಿ ಆ ಪದಗಳನ್ನು ಇಟ್ಟುಕೊಂಡು ಏನು ಮಾಡುವುದು!

ರೋಮಿನ ಭವ್ಯ ಸ್ನಾನಗೃಹದ ಚಿತ್ರವನ್ನು ನಾವು ಬಾಯಿಬಿಟ್ಟು ನೋಡುತ್ತಿದ್ದರೆ, "ನೆಲದಡಿಯ ಒಲೆಗೆ ಸೌದೆ ಹಾಕಿದವನು ಇದರಲ್ಲಿ ಕಾಣ್ತಾನಾ?" ಎಂದು ಕೇಳುತ್ತಿದ್ದರು. ಓಡಿಹೋಗಿ ಸಿಕ್ಕಿಬಿದ್ದವನ ಕೊರಳಿಗೆ ಕಬ್ಬಿಣದ ಪಟ್ಟಿ ಹಾಕಿ, 'ನನ್ನನ್ನು ಹಿಡಿದು ಒಡೆಯನಿಗೆ ಒಪ್ಪಿಸಿ' ಎಂದು ಕೊರೆಯುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಕೈ ತಮ್ಮ ಕೊರಳಿಗೇ ಹೋಗುತ್ತಿತ್ತು. ಆದರೆ "ಪಾಪ, ಅವನಿಗೆ ಎಷ್ಟು ಸಂಕಟ ಆಗಿರಬೇಕು" ಎಂದು ನಾನೇನಾದರೂ ಅಂದರೆ ಗದರುತ್ತಿದ್ದರು. "ಅವನು ಬರೆದಿಟ್ಟಿಲ್ಲ. ಬರೆದಿಟ್ಟಿಲ್ಲದ್ದನ್ನ ನಾವು ಹೇಳಬಾರದು." ಈ ವಿಷಯದಲ್ಲಿ ಮಹಾ ಹಟಮಾರಿ.

ಒಂದು ಬೇಸಿಗೆಯಲ್ಲಿ ಭವನದವರು ಮಕ್ಕಳಿಗಾಗಿ ರೋಮನ್ ಔತಣ ಏರ್ಪಡಿಸಿದರು. ಎಲ್ಲ ಮಕ್ಕಳೂ ಬೆಡ್‌ಶೀಟ್ ಸುತ್ತಿಕೊಂಡು ಚಕ್ರವರ್ತಿಗಳಾಗುವುದೆಂದು ತೀರ್ಮಾನವಾಗಿತ್ತು. ಸೆನ್ಸೇ ಒಪ್ಪಲಿಲ್ಲ. ಚೀಟಿ ಎತ್ತಿಸಿ, ಅರ್ಧ ಮಕ್ಕಳನ್ನು ಗುಲಾಮರನ್ನಾಗಿ ಮಾಡಬೇಕು ಎಂದರು. ಭವನದ ಮ್ಯಾನೇಜರ್ ಹೌಹಾರಿದರು.

"ಪೋಷಕರು ಬೇಜಾರು ಮಾಡ್ಕೋತಾರೆ ಸೆನ್ಸೇ. ಗುಲಾಮರನ್ನ ಬಿಟ್ಟುಬಿಡೋಣ."

ಸೆನ್ಸೇ ಬಾಗಿದರು. "ಸುಮಿಮಾಸೆನ್. ಅವರನ್ನ ಬಿಟ್ಟರೆ ಬಡಿಸೋರು ಯಾರು?"

ಮತ್ತೆ ಬಾಗಿದರು, ಮತ್ತೆ ಅದನ್ನೇ ಕೇಳಿದರು. ಕೊನೆಗೆ ಮ್ಯಾನೇಜರ್ ಸೋತರು. ಆದರೆ ಒಂದು ಮಗು ಅತ್ತರೂ ಅವರ ರೋಮಿನ ಪಾಠ ಅಲ್ಲಿಗೆ ಬಂದ್ ಎಂದು ಷರತ್ತು ಹಾಕಿದರು. ಆ ಪಾಠ ಬಿಟ್ಟರೆ ಸೆನ್ಸೇಗೆ ಬೇರೆ ಬದುಕೇ ಇರಲಿಲ್ಲ.

ನನ್ನ ಮಗಳಿಗೆ ಗುಲಾಮಳ ಚೀಟಿ ಬಂತು. "ಅಮ್ಮಾ, ಐ ಡೋಂಟ್ ವಾಂಟ್ ಟು" ಎಂದು ನನ್ನ ದುಪಟ್ಟಾ ಹಿಡಿದಳು. "ಸ್ವಲ್ಪ ಹೊತ್ತು ಕಂದಾ, ಅಡ್ಜಸ್ಟ್ ಮಾಡ್ಕೋ" ಎಂದೆನಾದರೂ ಸೆನ್ಸೇಯ ಮೇಲೆ ಸಿಟ್ಟು ಉಕ್ಕುತ್ತಿತ್ತು. ಗುಲಾಮರು ಬ್ರೆಡ್ಡು, ದ್ರಾಕ್ಷಿ ಬಡಿಸಿ ಹಿಂದೆ ನಿಲ್ಲಬೇಕು, ಮಾತಾಡಬಾರದು, ತಿನ್ನಬಾರದು. ಒಡೆಯರು ದಿಂಬಿಗೊರಗಿ ತಿನ್ನಬೇಕು. ಇದು ಸೆನ್ಸೇಯ ಕಟ್ಟಪ್ಪಣೆ.

ಬಡಿಸಿದ್ದಾಯಿತು. ಒಬ್ಬರೂ ಬಾಯಿಗಿಡಲಿಲ್ಲ.

"ಶುರು ಮಾಡಿ" ಎಂದರು ಸೆನ್ಸೇ.

"ಬಡಿಸಿದವರು ಇನ್ನೂ ಕೂತಿಲ್ವಲ್ಲ?" ಎಂದಳು ಚಕ್ರವರ್ತಿಯಾಗಿದ್ದ ಹುಡುಗಿ.

ಇಲ್ಲಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಮಕ್ಕಳೇ ಸರದಿಯ ಮೇಲೆ ಬಡಿಸುತ್ತಾರೆ. ಬಡಿಸಿದವರೂ ಬಂದು ಕೂತು, ಎಲ್ಲರೂ ಒಟ್ಟಿಗೆ ಕೈಜೋಡಿಸಿ 'ಇತಾದಾಕಿಮಾಸ್' ಎನ್ನುವವರೆಗೆ ಯಾರೂ ತುತ್ತೆತ್ತುವುದಿಲ್ಲ. ನೀವು ಒಡೆಯರು, ಯಾರಿಗೂ ಕಾಯಬೇಕಿಲ್ಲ ಎಂದು ಸೆನ್ಸೇ ಬಿಡಿಸಿ ಹೇಳಿದರು. ಮಕ್ಕಳು ವಿನಯದಿಂದ ತಲೆಯಾಡಿಸಿ ಕಾಯುತ್ತಲೇ ಇದ್ದರು. ಚಕ್ರವರ್ತಿ ಸರಿದು ಕೂತು ತನ್ನ ದಿಂಬಿನಲ್ಲಿ ಅರ್ಧ ಜಾಗ ಬಿಟ್ಟಳು. ನನ್ನ ಮಗಳು ಸೆನ್ಸೇಯ ಮುಖ ನೋಡಿದಳು.

ಅವರು ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಆಮೇಲೆ "ಕೂತ್ಕೋ" ಎಂದರು.

ಆ ದಿನ ಮಕ್ಕಳ್ಯಾರೂ ಅಳಲಿಲ್ಲ. ಅತ್ತವರು ಸೆನ್ಸೇ ಒಬ್ಬರೇ, ಅವರ ವಿಷಯ ಷರತ್ತಿನಲ್ಲಿ ಇರಲಿಲ್ಲ. "ನನ್ನ ಪಾಠ ಪೂರ್ತಿ ಕೆಟ್ಟಿತು" ಎನ್ನುತ್ತ ದ್ರಾಕ್ಷಿ ತಿಂದರು. ಅಂಥ ಸೋಲನ್ನು ಅಷ್ಟು ಸಂತೋಷದಿಂದ ಒಪ್ಪಿಕೊಂಡ ಬೇರೆ ಮೇಷ್ಟ್ರನ್ನು ನಾನು ಕಂಡಿಲ್ಲ.

ಅವರು ತೀರಿಕೊಂಡು ಈಗ ಒಂದು ವರ್ಷ. ಕೊನೆಯ ವಾರದಲ್ಲಿ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಅಷ್ಟರಲ್ಲಿ ಅವಳೂ ಅವರ ಶಿಷ್ಯೆಯಾಗಿಬಿಟ್ಟಿದ್ದಳು. ಸೆನ್ಸೇ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದರು: "ರೋಮಿನಲ್ಲೂ ಯಾವುದೋ ಒಂದು ಮನೆಯಲ್ಲಿ, ಯಾವುದೋ ಒಂದು ಮಗು, ಬಡಿಸಿದವಳು ಕೂತ್ಕೊಳ್ಳಲಿ ಅಂತ ಕಾದಿರುತ್ತೆ."

"ಎಲ್ಲಿ ಬರೆದಿದೆ ಸೆನ್ಸೇ?" ಎಂದಳು ಮಗಳು.

"ಎಲ್ಲೂ ಬರೆದಿಲ್ಲ" ಎಂದರು. "ಆದರೂ ಹೇಳ್ತೀನಿ."