ಗೆಳೆಯನನ್ನು ಕೆಡವುವ ಆಟ

ಐವತ್ತು ದಾಟಿದ, ಮಂಡಿನೋವಿನ, ಸೀರೆ ಉಟ್ಟ ಕನ್ನಡ ಶಿಕ್ಷಕಿಯೊಬ್ಬಳು ಆಟ ನಡೆಯುತ್ತಿರುವಾಗಲೇ ಮೈದಾನದೊಳಗೆ ಓಡಿಬಂದರೆ ರೆಫರಿಯಾದವನು ಏನು ಮಾಡಬೇಕು? ರಗ್ಬಿಯ ನಿಯಮಗಳಲ್ಲಿ ಇದಕ್ಕೆ ಉತ್ತರವಿದೆಯೋ ಇಲ್ಲವೋ ನನಗೆ ತಿಳಿಯದು. ಹರಿಹರದ ರೆಫರಿ ಮೊದಲು ಸೀಟಿ ಊದಿದರು, ಆಮೇಲೆ ಕೈಮುಗಿದರು. ಎರಡನ್ನೂ ನಾನು ಗೌರವವೆಂದೇ ಸ್ವೀಕರಿಸಿದ್ದೇನೆ.

ನಾನು ಅಲ್ಲಿಗೆ ಹೋಗಬೇಕಾಗಿ ಬಂದದ್ದು ನಮ್ಮ ಶಾಲೆಯ ಪಿಟಿ ಮೇಷ್ಟ್ರು ನಾಗರಾಜ ಸರ್ ಅವರಿಂದ. ಮೈ ಬಿಸಿ ಮಾಡಿಕೊಳ್ಳದೆ ಒಬ್ಬ ಹುಡುಗನನ್ನೂ ಓಡಲು ಬಿಡದ ಮನುಷ್ಯ ಅವರು. ಆದರೆ ಸ್ಕೂಟರಿನಿಂದ ಇಳಿಯುವುದಕ್ಕೆ ಮುಂಚೆ ತಾವು ಮೈ ಬಿಸಿ ಮಾಡಿಕೊಂಡಿರಲಿಲ್ಲ. ಕಾಲು ಉಳುಕಿತು, ಪಾದ ಊದಿಕೊಂಡಿತು. ಮಾರನೆಯ ದಿನವೇ ಹರಿಹರದಲ್ಲಿ ಜಿಲ್ಲಾ ರಗ್ಬಿ ತಂಡಕ್ಕೆ ಹುಡುಗರ ಆಯ್ಕೆ. ಶಾಲೆಯಿಂದ ಒಬ್ಬ ಶಿಕ್ಷಕರು ಜೊತೆಗೆ ಹೋಗಲೇಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಏಕಕಾಲಕ್ಕೆ ಉತ್ತರಪತ್ರಿಕೆ ತಿದ್ದಲು ಶುರು ಮಾಡಿದರು. ಆ ಗಳಿಗೆಯಲ್ಲಿ ತಲೆ ಎತ್ತಿದ್ದು ನಾನೊಬ್ಬಳೇ. ಹೆಡ್‌ಮಾಸ್ಟರಿಗೆ ಅಷ್ಟು ಸಾಕಾಯಿತು.

ಆ ಸಂಜೆ ನಾಗರಾಜ ಸರ್ ಫೋನಿನಲ್ಲೇ ನನಗೆ ರಗ್ಬಿ ಕಲಿಸಿದರು.

"ಎರಡೇ ವಿಷಯ ನೆನಪಿಟ್ಕೊಳ್ರಿ ಮೇಡಂ. ಚೆಂಡನ್ನ ಮುಂದಕ್ಕೆ ಎಸೆಯೋಹಂಗಿಲ್ಲ, ಹಿಂದ ಇರೋನಿಗೇ ಕೊಡಬೇಕು. ಚೆಂಡು ಯಾರ ಕೈಯಾಗೈತೋ ಅವನ್ನ ತಬ್ಬಿ ಹಿಡಿದು ನೆಲಕ್ಕ ಕೆಡವಬೇಕು. ಅದಕ್ಕ ಟ್ಯಾಕಲ್ ಅಂತಾರೆ."

"ಕೆಡವಲೇಬೇಕಾ ಸರ್?"

"ಕೆಡವದಿದ್ರೆ ಅವನು ಗೆರೆ ದಾಟಿ ಚೆಂಡನ್ನ ನೆಲಕ್ಕ ಮುಟ್ಟಿಸ್ತಾನ್ರಿ. ಅದು ಟ್ರೈ. ಐದು ಪಾಯಿಂಟ್."

ಟ್ರೈ ಎಂದರೆ ಪ್ರಯತ್ನ. ಪ್ರಯತ್ನಕ್ಕೇ ಐದು ಅಂಕ ಕೊಡುವ ಆಟ ಎಂದು ನನಗೆ ಬಹಳ ಸಂತೋಷವಾಯಿತು. ನಮ್ಮ ಪರೀಕ್ಷೆಗಳಲ್ಲಿ ಪ್ರಯತ್ನಕ್ಕೆ ಅರ್ಧ ಅಂಕವೂ ಹುಟ್ಟುವುದಿಲ್ಲ. ಇನ್ನು ಹಿಂದಕ್ಕೆ ಕೊಡುತ್ತ ಮುಂದಕ್ಕೆ ಹೋಗುವ ವಿಚಾರ. ಅದನ್ನು ರಾತ್ರಿ ಊಟ ಮಾಡುತ್ತ ಯೋಚಿಸಿದಾಗ ಇದೇನು ವಿದೇಶಿ ಆಟವಲ್ಲ, ನಮ್ಮ ವ್ಯಾಕರಣವೇ ಅನ್ನಿಸಿತು. ಕನ್ನಡದಲ್ಲಿ ಕರ್ತೃ ಓಡಿ ಬರುತ್ತಾನೆ, ಹಿಂದೆ ಬರುವ ಕರ್ಮಕ್ಕೆ ಮಾತು ದಾಟಿಸುತ್ತಾನೆ, ವಿಶೇಷಣಗಳು ಅಕ್ಕಪಕ್ಕದಲ್ಲಿ ಏದುಸಿರು ಬಿಡುತ್ತವೆ. ಎಲ್ಲರಿಗಿಂತ ಹಿಂದಿರುವ ಕ್ರಿಯಾಪದ ಬಂದು ಗೆರೆ ಮುಟ್ಟಿಸುವ ತನಕ ವಾಕ್ಯ ಮುಗಿಯುವುದಿಲ್ಲ. ಇದನ್ನು ನಮ್ಮ ಮನೆಯವರಿಗೆ ವಿವರಿಸಿದೆ. ಅವರು "ಸಾರು ಬಡಿಸು" ಎಂದರು. ಕರ್ತೃವೇ ಇಲ್ಲದ ವಾಕ್ಯ, ಆದರೂ ಗೆರೆ ಮುಟ್ಟಿತು.

ಬೆಳಿಗ್ಗೆ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಆರು ಹುಡುಗರು ನನಗಾಗಿ ಕಾಯುತ್ತಿದ್ದರು. ಅವರಲ್ಲಿ ಇಬ್ಬರ ಕಥೆ ಇದು. ಒಬ್ಬ ಲೋಕಿಕೆರೆಯ ಶಿವು. ಹತ್ತನೇ ಕ್ಲಾಸು, ಬಾಗಿಲಿನಷ್ಟು ಅಗಲದ ಹೆಗಲು, ಬಾಯಿ ಬಿಟ್ಟರೆ ಮಾತ್ರ ಮಗುವಿನ ದನಿ. ಹೋದ ವರ್ಷ ಆಯ್ಕೆಯಲ್ಲಿ ಚೆಂಡು ಕೈಜಾರಿ ಅವಕಾಶ ತಪ್ಪಿತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಹಾಗಾಗಿ ಅವನಿಗೆ ಇದೇ ಕಡೆಯ ಸಲ. ಇನ್ನೊಬ್ಬ ಇರ್ಫಾನ್, ಒಂಬತ್ತನೇ ಕ್ಲಾಸು. ಕಡ್ಡಿಯಂಥ ಹುಡುಗ. ನನ್ನ ತರಗತಿಯಲ್ಲಿ ಅವನು ಒಂದೇ ಜಾಗದಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಆಟದ ಮೈದಾನದಲ್ಲಿ ಕೂಡಿಕೊಂಡ ಈ ಇಬ್ಬರು ಮಧ್ಯಾಹ್ನದ ಊಟಕ್ಕೂ ಜೊತೆಗೇ ಕೂರುವವರು. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಇದ್ದರು.

ಬಾತಿ ಊರು ದಾಟಿದ ಮೇಲೆ ಇರ್ಫಾನನ ಪಿಸುಮಾತು ಕೇಳಿಸಿತು.

"ಲೇ ಶಿವು, ಅಲ್ಲಿ ಕಲಸಿಬಿಡ್ತಾರಂತೆ. ನಾನೊಂದು ಟೀಮು ನೀನೊಂದು ಟೀಮು ಆದ್ರೆ?"

"ಆದ್ರೆ ಏನ್ ಮಾಡೋದು?"

"ನೀ ನನ್ನ ಹಿಡೀಬ್ಯಾಡ. ನಾ ನಿನ್ನ ಹಿಡಿಯಲ್ಲ."

ಶಿವು, "ಆತು ಬಿಡು. ಆಣೆ" ಎಂದ.

ಕೆಡವುವುದೇ ಧರ್ಮವಾದ ಆಟಕ್ಕೆ ಹೊರಟ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಕೆಡವುವುದಿಲ್ಲವೆಂದು ಆಣೆ ಮಾಡುತ್ತಿದ್ದಾರೆ! ಇಂಥದ್ದನ್ನು ನಾವು ಹಳಗನ್ನಡದಲ್ಲಿ ಹುಡುಕುತ್ತೇವೆ, ಇಲ್ಲಿ ಹರಿಹರದ ಬಸ್ಸಿನಲ್ಲಿ ಸಿಗುತ್ತಿದೆ. ಸೋಮವಾರ ತರಗತಿಯಲ್ಲಿ ಸ್ನೇಹದ ಬಗ್ಗೆ ಹೇಳಲು ಒಳ್ಳೆಯ ಪ್ರಸಂಗ ಒದಗಿತೆಂದು ನಾನು ಮನಸ್ಸಿನಲ್ಲೇ ಪಾಠ ಜೋಡಿಸತೊಡಗಿದೆ.

ಹರಿಹರದ ಮೈದಾನ ಹಿಂದಿನ ದಿನದ ಮಳೆಗೆ ಮೆತ್ತಗಾಗಿತ್ತು. ಹೊಳೆ ಕಡೆಯಿಂದ ಗಾಳಿ ಬೀಸುತ್ತಿತ್ತು. ಜಿಲ್ಲೆಯ ಮೂಲೆಮೂಲೆಯಿಂದ ಹುಡುಗರು ಬಂದಿದ್ದರು. ಆಯ್ಕೆ ಮಾಡುವವರು ಬಿಳಿ ಟೋಪಿ ಹಾಕಿದ ಒಬ್ಬ ಹಿರಿಯ ಕೋಚ್. ಮೂಗಿನ ಮೇಲೆ ಹಳೆಯ ಮುರಿತದ ಗುರುತು. ಅದೇ ಅವರ ಅರ್ಹತಾಪತ್ರದಂತಿತ್ತು. ಅವರು ಹುಡುಗರನ್ನು ಕಲಸಿ, ಹಳದಿ ಮತ್ತು ನೀಲಿ ಅಂಗಿ ಹಂಚಿದರು. ಶಿವು ಹಳದಿ, ಇರ್ಫಾನ್ ನೀಲಿ. ಹರಿ ಹರರಿಬ್ಬರನ್ನೂ ಒಂದೇ ಮೈಯಲ್ಲಿ ಕೂಡಿಸಿದ ಊರಿಗೆ ಬಂದು ನಮ್ಮ ಜೋಡಿ ಬೇರೆಯಾಯಿತು.

ಅಷ್ಟರಲ್ಲಿ ಹಳೆಯ ಟಿವಿಎಸ್ ಗಾಡಿಯೊಂದು ನನ್ನ ಪಕ್ಕಕ್ಕೆ ಬಂದು ನಿಂತಿತು. ಇಳಿದವರ ಹುಬ್ಬಿನ ಮೇಲೆ ಹತ್ತಿಯ ಎಳೆಗಳು ಅಂಟಿದ್ದವು.

"ನಮಸ್ಕಾರ ಮೇಡಂ. ನಾನು ದಾದಾಪೀರ್, ಇರ್ಫಾನನ ತಂದೆ. ಗಾದಿ ಅಂಗಡಿ ಐತೆ ನಮ್ದು. ಬೆಳಿಗ್ಗೆ ಒಂದ್ ಗಾದಿ ತುಂಬಿಟ್ಟು ಹಂಗೇ ಬಂದೆ. ಈ ಆಟ ನಂಗೇನೂ ತಿಳಿಯಲ್ಲ, ನೀವು ಹೇಳ್ರಿ."

ಒಂದು ಸಂಜೆಯ ಅನುಭವವುಳ್ಳ ನಾನು ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದೆ. ಹಿಂದಕ್ಕೆ ಕೊಡುವುದು, ಕೆಡವುವುದು, ಗೆರೆ ಮುಟ್ಟಿಸುವುದು. ವ್ಯಾಕರಣವನ್ನು ಮಾತ್ರ ಬಿಟ್ಟೆ. ಕಡೆಗೆ ಅವರು, "ಅಂದ್ರೆ ಆಟಾನೋ ಜಗಳಾನೋ?" ಎಂದರು. ಸೀಟಿ ಊದಿದ್ದರಿಂದ ನಾನು ಉತ್ತರ ಕೊಡಬೇಕಾಗಲಿಲ್ಲ.

ಆ ಚೆಂಡು ಸುಲಿಯದ ತೆಂಗಿನಕಾಯಿಯ ಆಕಾರದ್ದು. ನೆಲಕ್ಕೆ ಬಿದ್ದರೆ ಯಾವ ಕಡೆಗೆ ಪುಟಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಏಳೇಳು ಜನರ ಆಟ, ಅರ್ಧ ಎನ್ನುವುದು ಚಹಾ ಕುದಿಯುವಷ್ಟು ಹೊತ್ತು. ಹುಡುಗರು ಓಡಿದರು, ಬಿದ್ದರು, ಎದ್ದರು. ನೋಡನೋಡುತ್ತಿದ್ದಂತೆ ಚೆಂಡು ಇರ್ಫಾನನ ಕೈಗೆ ಬಂತು. ಅವನು ಅಂಚಿನ ಗೆರೆಗುಂಟ ಬಾಣದಂತೆ ಹೊರಟ. ಎದುರಿಗಿದ್ದದ್ದು ಶಿವು ಒಬ್ಬನೇ. ಶಿವು ಎರಡು ಹೆಜ್ಜೆ ಮುಂದೆ ಬಂದ, ಕೈ ಚಾಚಿದ, ಗಾಳಿಯಲ್ಲಿ ನೊಣ ಓಡಿಸುವವನಂತೆ ಬೀಸಿ ನಿಂತುಬಿಟ್ಟ. ಇರ್ಫಾನ್ ಗೆರೆ ದಾಟಿ ಚೆಂಡು ಮುಟ್ಟಿಸಿದ.

ದಾದಾಪೀರ್ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ಬಿಳಿ ಟೋಪಿಯವರು ಪಕ್ಕದವರ ಕಡೆಗೆ ಬಾಗಿ ಶಿವುವನ್ನು ತೋರಿಸಿ ಬೇಡವೆಂಬಂತೆ ತಲೆಯಾಡಿಸಿದ್ದನ್ನು ನೋಡಿದ್ದೆ. ಬಸ್ಸಿನಲ್ಲಿ ಅಷ್ಟು ಸುಂದರವಾಗಿ ಕಂಡ ಆಣೆ ಈಗ ಆ ಹುಡುಗನ ಕಡೆಯ ಅವಕಾಶವನ್ನು ನುಂಗುತ್ತಿತ್ತು. ನನ್ನ ಸೋಮವಾರದ ಪಾಠ ಅಲ್ಲೇ ಕುಸಿಯಿತು.

ಅರ್ಧ ಆಟ ಮುಗಿಯಿತು. ಏನಾದರೂ ಹೇಳಲೇಬೇಕೆಂದು ನಾನು ಮೈದಾನದ ಅಂಚಿನಲ್ಲಿ ದಡದಡ ನಡೆದೆ. ಗೆಳೆತನ ಯಾವುದು, ಕರ್ತವ್ಯ ಯಾವುದು ಎಂದು ದಾರಿಯಲ್ಲೇ ಒಂದು ಭಾಷಣ ತಯಾರಾಯಿತು. ಆದರೆ ನಾನು ಮುಟ್ಟುವ ಮೊದಲೇ ನೀರಿನ ಕ್ಯಾನಿನ ಹತ್ತಿರ ಇಬ್ಬರೂ ಜಗಳಕ್ಕೆ ನಿಂತಿದ್ದರು. ಕೂಗುತ್ತಿದ್ದವನು ಇರ್ಫಾನ್.

"ಯಾಕಲೇ ಹಿಡೀಲಿಲ್ಲ ನನ್ನ?"

"ನೀನೇ ಹೇಳಿದ್ದಲ್ಲಲೇ ಬಸ್ನಾಗ!"

"ಹೇಳಿದ್ದೆ. ಆಗ ಗೊತ್ತಿರಲಿಲ್ಲ. ಈಗ ಎಲ್ಲಾರೂ ಏನಂತಾರೆ? ಯಾರೂ ಹಿಡೀಲಿಲ್ಲ, ಅದಕ್ಕ ಹೋದ ಅಂತಾರೆ. ನನ್ನ ಟ್ರೈ ಹಾಳ್ ಮಾಡಿದಿ ನೀನು! ನಾ ನಿನ್ನ ತಪ್ಪಿಸ್ಕೊಂಡು ಹೋಗ್ತಿದ್ದೆ ಗೊತ್ತೈತಾ?"

"ಹೋಗ್ತಿದ್ದಿ!" ಶಿವುವಿನ ಮಗುವಿನ ದನಿಯಲ್ಲಿ ಮೊದಲ ಸಲ ಒಂದು ಗಡಸು ಕೇಳಿಸಿತು. "ನಾ ಹಿಡಿದ್ರೆ ನೀ ಎಲ್ಲಿ ಹೋಗ್ತಿ?"

"ಹಿಡಿ ಹಂಗಾದ್ರೆ!"

"ಹಿಡೀತೀನಿ! ಆಣೆ ವಾಪಸ್ಸು!"

"ವಾಪಸ್ಸು!"

ಆಗ ಇಬ್ಬರೂ ನನ್ನನ್ನು ನೋಡಿದರು. "ಏನ್ ಮಿಸ್?" ಎಂದ ಇರ್ಫಾನ್. ಕರ್ತವ್ಯದ ಭಾಷಣವನ್ನು ನುಂಗಿಕೊಂಡು, "ನೀರು ಕುಡೀರಿ" ಎಂದೆ. ತಿಂಗಳುಗಟ್ಟಲೆ ಪಾಠ ಮಾಡಿದರೂ ನಾನು ಹೇಳಲಾಗದ ಮಾತನ್ನು ಒಂಬತ್ತನೇ ಕ್ಲಾಸಿನವನು ಸಿಟ್ಟಿನಲ್ಲಿ ಹೇಳಿ ಮುಗಿಸಿದ್ದ. ಗೆಳೆಯ ಸುಮ್ಮನೆ ದಾರಿ ಬಿಟ್ಟರೆ ಅದು ಪ್ರೀತಿಯಂತೆ ಕಾಣುತ್ತದೆ, ಆದರೆ ನಮ್ಮ ಓಟವನ್ನು ಅವನು ನಂಬಲಿಲ್ಲ ಎಂದೂ ಅರ್ಥವಾಗುತ್ತದೆ.

ಎರಡನೇ ಅರ್ಧವನ್ನು ನಾನು ಸರಿಯಾಗಿ ವರ್ಣಿಸಲಾರೆ, ಏಕೆಂದರೆ ಅದರಲ್ಲಿ ಸ್ವಲ್ಪ ಭಾಗ ನಾನೂ ಒಳಗಿದ್ದೆ. ಚೆಂಡು ಮತ್ತೆ ಇರ್ಫಾನನಿಗೆ ಬಂತು. ಮತ್ತೆ ಅದೇ ಅಂಚು, ನಮ್ಮ ಕಡೆಯದು. ಎದುರಿನಿಂದ ಶಿವು ಬಂದ. ಈ ಸಲ ಅವನು ನಿಲ್ಲಲಿಲ್ಲ. ತಲೆ ತಗ್ಗಿಸಿ, ಹೆಗಲು ಕೊಟ್ಟು, ಎರಡೂ ತೋಳುಗಳಿಂದ ಗೆಳೆಯನ ತೊಡೆಗಳನ್ನು ತಬ್ಬಿದ. ಧೊಪ್ಪೆಂದು ಸದ್ದಾಯಿತು. ಕೆಸರು ನನ್ನ ಸೀರೆಯವರೆಗೆ ಹಾರಿತು. ಇಡೀ ಮೈದಾನ "ಹೋ!" ಎಂದಿತು. ಇರ್ಫಾನ್ ಅಂಗಾತ ಬಿದ್ದಿದ್ದ, ಅಲುಗಲಿಲ್ಲ.

ಹೆದರಿ ಓಡಿದೆನೋ, ಹುರುಪಿಗೆ ಓಡಿದೆನೋ, ಇವತ್ತಿಗೂ ಹೇಳಲಾರೆ. ನನ್ನ ಒಂದು ಚಪ್ಪಲಿ ಗೆರೆಯ ಆಚೆಗೇ ಉಳಿಯಿತು. ನಾನು "ಇರ್ಫಾನಾ!" ಎಂದು ಕೂಗುತ್ತ ಅವನ ಹತ್ತಿರ ಮುಟ್ಟಿದಾಗ ಅವನು ಕೆಸರು ಮುಖದಲ್ಲಿ ಹಲ್ಲು ಬಿಡುತ್ತಿದ್ದ.

"ಮಿಸ್, ಹೊರಗ ಹೋಗ್ರಿ, ಆಟ ನಡೀತೈತೆ!"

ಸೀಟಿ, ಕೈಮುಗಿತ, ನನ್ನ ನಿರ್ಗಮನ. ಚಪ್ಪಲಿ ಹುಡುಕಿಕೊಟ್ಟವರು ದಾದಾಪೀರ್.

ಆಮೇಲೆ ಶಿವುವಿನ ಸರದಿ. ಅವನು ಚೆಂಡು ಹಿಡಿದು ನೆಟ್ಟಗೆ ಹೊರಟ. ಇರ್ಫಾನ್ ಓಡಿ ಬಂದು ಅವನ ಸೊಂಟಕ್ಕೆ ಜೋತುಬಿದ್ದ. ಎತ್ತು ಓಡುವಾಗ ಕೊರಳ ಗಂಟೆ ಹೇಗೆ ತೂಗಾಡುತ್ತದೋ ಹಾಗೆ ಇವನು ತೂಗಾಡಿದ. ಶಿವು ಗೆಳೆಯನ ಸಮೇತ ಗೆರೆ ದಾಟಿದ. ನಾನು ಕೂಗಿದ್ದು ಹಳದಿಯವರಿಗೋ ನೀಲಿಯವರಿಗೋ ನನಗೇ ತಿಳಿಯಲಿಲ್ಲ. ಆಟ ಮುಗಿಯುವ ಹೊತ್ತಿಗೆ ಇರ್ಫಾನನಿಗೆ ಇನ್ನೊಂದು ಸಲ ಚೆಂಡು ಸಿಕ್ಕಿತು. ಶಿವು ಎದುರಾದ. ಇರ್ಫಾನ್ ಎಡಕ್ಕೆ ಹೋಗುವಂತೆ ಭುಜ ತೋರಿಸಿ ಬಲಕ್ಕೆ ಸರಿದ. ಶಿವು ನಿಜವಾಗಿಯೇ ಹಾರಿದ, ಉದ್ದಕ್ಕೆ ಹಾರಿದ. ಅವನ ಬೆರಳಿಗೆ ಸಿಕ್ಕಿದ್ದು ಗಾಳಿ ಮಾತ್ರ. ಟ್ರೈ! ನೆಲದಲ್ಲಿ ಮುಖ ಹುದುಗಿಸಿ ಮಲಗಿದ್ದ ಶಿವು ಅಲ್ಲಿಂದಲೇ ಕೈ ಎತ್ತಿ ನೆಲಕ್ಕೆ ಬಡಿದ. ಸಿಟ್ಟಿಗೆ ಇರಬೇಕು ಅಂದುಕೊಂಡೆ. ಎದ್ದಾಗ ನೋಡಿದರೆ ನಗುತ್ತಿದ್ದ.

ಹುಡುಗರನ್ನೆಲ್ಲ ಸಾಲಾಗಿ ಕೂರಿಸಿ ಬಿಳಿ ಟೋಪಿಯವರು ತಂಡದ ಹನ್ನೆರಡು ಹೆಸರು ಕೂಗತೊಡಗಿದರು. ಶಿವುವಿನ ಹೆಸರು ಬಂತು. ಅವನಿಗೆ ಕೇಳಿಸಲಿಲ್ಲವೆಂಬಂತೆ ಕುಳಿತೇ ಇದ್ದ. ಇರ್ಫಾನೇ ಅವನ ಬೆನ್ನಿಗೆ ಗುದ್ದಿ ಎಬ್ಬಿಸಿದ.

"ಮೊದಲನೇ ಅರ್ಧದಾಗ ನಿನ್ನ ಬಿಟ್ಟೇ ಬಿಟ್ಟಿದ್ದೆ" ಎಂದರು ಕೋಚ್. "ಆಮೇಲೆ ಏನಾತು ನಿನಗ? ಯಾರು ಏನು ಹೇಳಿದ್ರು?"

ಶಿವು ಇರ್ಫಾನನ ಕಡೆಗೆ ನೋಡಿದ. "ಬೈದ್ರು ಸಾರ್" ಎಂದ.

ಹನ್ನೆರಡು ಹೆಸರೂ ಮುಗಿದವು. ಇರ್ಫಾನ್ ಅದರಲ್ಲಿ ಇರಲಿಲ್ಲ. ಕೋಚ್ ಅವನನ್ನು ಹತ್ತಿರ ಕರೆದು ಹೆಗಲ ಮೇಲೆ ಕೈಯಿಟ್ಟರು. "ಓಟ ಭಾಳ ಚಲೋ ಐತೆ. ಹಿಡಿಯೋದು ಬರವಲ್ದು. ಜೋತುಬಿದ್ರೆ ಆಗಲ್ಲ, ಕೆಡವಬೇಕು. ಮುಂದಿನ ವರ್ಷ ಬಾ, ನಿನ್ನ ದಾರಿ ನೋಡ್ತೀನಿ." ಇರ್ಫಾನ್ ತಲೆಯಾಡಿಸಿದ. ಗಲ್ಲದ ಮೇಲಿನ ಕೆಸರನ್ನು ಬಹಳ ಹೊತ್ತು ಒರೆಸಿಕೊಂಡ. ಅದು ಬರೀ ಕೆಸರಲ್ಲವೆಂದು ನನಗೂ ಗೊತ್ತಿತ್ತು, ಶಿವುವಿಗೂ ಗೊತ್ತಿತ್ತು. ಶಿವು ಅವನ ಪಕ್ಕದಲ್ಲಿ ಕುಳಿತು, ಅವನ ಬೂಟಿನ ಲೇಸು ಬಿಚ್ಚತೊಡಗಿದ.

ಆಗ ದಾದಾಪೀರ್ ನನ್ನ ಕಡೆಗೆ ತಿರುಗಿದರು. ಮುಖ ಗಂಭೀರವಾಗಿತ್ತು.

"ಮೇಡಂ, ನನ್ನ ಮಗನ್ನ ಅಷ್ಟು ಜೋರಾಗಿ ಬೀಳಿಸಿದ ಹುಡುಗ ಯಾರು? ತೋರಿಸ್ರಿ."

ನಾನು ಶಿವುವಿನ ಕಡೆಗೆ ಬೆರಳು ತೋರಿಸುವಷ್ಟರಲ್ಲಿ ಅವರು ಆ ಕಡೆ ನಡೆದೇಬಿಟ್ಟರು. ಶಿವು ಗಾಬರಿಯಿಂದ ಎದ್ದು ನಿಂತ. ದಾದಾಪೀರ್ ಅವನ ಹೆಗಲನ್ನು, ತೋಳನ್ನು, ಗಾದಿಗೆ ಹತ್ತಿ ಸರಿಯಾಗಿ ತುಂಬಿದೆಯೋ ಎಂದು ನೋಡುವವರಂತೆ ಒತ್ತಿ ಒತ್ತಿ ನೋಡಿದರು.

"ಇವನೇನಾ ನಿಮ್ಮ ಶಿವು? ದಿನಾ ಮನ್ಯಾಗ ಶಿವು ಶಿವು ಅಂತಿದ್ದಿಯಲ್ಲ?" ಎಂದು ಮಗನನ್ನು ಕೇಳಿ, ಶಿವುವಿನ ಬೆನ್ನು ತಟ್ಟಿದರು. "ಏನ್ ತಿಂತೀಯಪ್ಪಾ ನೀನು? ಇವನಿಗೂ ಅದನ್ನೇ ತಿನ್ನಿಸು."

ಇರ್ಫಾನ್ ನಕ್ಕ. ನಾವೆಲ್ಲ ನಕ್ಕೆವು. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುವಾಗ ಆಯ್ಕೆಯಾದವನಿಗಿಂತ ಹಿಂದೆ ಉಳಿದವನೇ ಹೆಚ್ಚು ಮಾತಾಡಿದ.

ಸೋಮವಾರದಿಂದ ಶಿವು ಜಿಲ್ಲಾ ತಂಡದ ತರಬೇತಿಗೆ ಹೋದ. ನಾಗರಾಜ ಸರ್ ಇನ್ನೂ ರಜೆಯಲ್ಲಿದ್ದರು. ಆ ಸೋಮವಾರವೇ ಸಂಜೆ ಗಂಟೆ ಬಾರಿಸುವ ಹೊತ್ತಿಗೆ ಶಾಲೆಯ ಗೇಟಿನಲ್ಲಿ ಟಿವಿಎಸ್ ಸದ್ದು. ಹಿಂದಿನ ಸೀಟಿಗೆ ಆಳೆತ್ತರದ ಒಂದು ದಿಂಬನ್ನು ಕಟ್ಟಿಕೊಂಡು ದಾದಾಪೀರ್ ಬಂದಿದ್ದರು. ದಪ್ಪ ಬಟ್ಟೆಯ ಒಳಗೆ ಹಳೆಯ ಹತ್ತಿಯನ್ನು ಕಲ್ಲಿನಂತೆ ಗಿಡಿದಿದ್ದರು.

"ಹಿಡಿಯೋದು ಬರವಲ್ದು ಅಂದ್ರಲ್ಲ ಮೇಡಂ. ಇದನ್ನ ಹಿಡಿದು ಕಲೀಲಿ. ಆದ್ರೆ ಇದು ತಾನೇ ನಿಲ್ಲಲ್ಲ. ಹಿಂದ ಯಾರಾದ್ರೂ ಗಟ್ಟಿಯಾಗಿ ಒತ್ತಿ ನಿಲ್ಲಬೇಕು. ನನಗ ಅಂಗಡಿ ಐತೆ" ಎಂದು ಹೇಳಿ ಅವರು ಹೊರಟೇಬಿಟ್ಟರು.

ಇರ್ಫಾನ್ ನನ್ನನ್ನು ನೋಡಿದ. ಸ್ಟಾಫ್ ರೂಮಿನ ಕಿಟಕಿಯಲ್ಲಿ ಎಲ್ಲರೂ ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಸೆರಗು ಸಿಕ್ಕಿಸಿ, ದಿಂಬನ್ನು ಎದೆಗೆ ಅವಚಿ, ಕಾಲು ಅಗಲಿಸಿ ನಿಂತೆ. ಅವನು ಮೈದಾನದ ಆ ತುದಿಗೆ ಹೋಗಿ ನನ್ನ ಅಪ್ಪಣೆಗೆ ಕಾದ. ನೌಕರಿಗೆ ಸೇರಿದಂದಿನಿಂದ ಮಕ್ಕಳಿಗೆ ನಾನು ಅತಿ ಹೆಚ್ಚು ಸಲ ಹೇಳಿದ ವಾಕ್ಯ ಒಂದೇ. "ಓಡಬೇಡ್ರೋ." ಅವತ್ತು ಮೊದಲ ಸಲ ಶಾಲೆಯೆಲ್ಲ ಕೇಳುವ ಹಾಗೆ, "ಓಡಿ ಬಾರೋ!" ಎಂದೆ. ಸ್ವಲ್ಪ ಮೆಲ್ಲಗೆ ಎಂದು ಸೇರಿಸಬೇಕೆಂದಿದ್ದೆ. ಅಷ್ಟರಲ್ಲಿ ಅವನು ಬಂದುಬಿಟ್ಟಿದ್ದ.